ಅರ್ಧ ಹೊತ್ತಿನ ಶಾಲೆ

ಆಗಿನ್ನೂ ಉತ್ತರಹಳ್ಳಿಯ ಬಡಾವಣೆಗಳ ನಡುವೆ ಅಲ್ಲೊಂದು ಇಲ್ಲೊಂದು ರಾಗಿ ಹೊಲ ಉಳಿದಿತ್ತು. ಮಳೆಗಾಲ ಶುರುವಾಯಿತೆಂದರೆ ನೇರಳೆ ಹಣ್ಣು ತಿಂದು ನಮ್ಮೆಲ್ಲರ ನಾಲಿಗೆ ನೀಲಿಯಾಗಿರುತ್ತಿತ್ತು. ನಾನು ಆರನೇ ಕ್ಲಾಸಿಗೆ ಬಂದ ವರ್ಷ ಮೊದಲ ಮಳೆಗೇ ನಮ್ಮ ಶಾಲೆಯ ಹೆಂಚಿನ ಸೂರು ಕುಸಿಯಿತು. ಪುಣ್ಯಕ್ಕೆ ಅದು ಭಾನುವಾರ. ಉಳಿದ ಕೋಣೆಗಳಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಚಿಕ್ಕ ಮಕ್ಕಳಿಗೆ ಬೆಳಿಗ್ಗೆ, ನಮಗೆ ಮಧ್ಯಾಹ್ನ ಎಂದಾಯಿತು. ಬೆಳಗೆಲ್ಲ ಕುಂಟೆಬಿಲ್ಲೆ ಆಡಿ, ಮುದ್ದೆ, ಸೊಪ್ಪಿನ ಸಾರು ಉಂಡು ಹೋಗುತ್ತಿದ್ದ ನಮಗೆ ಅದು ಹಬ್ಬವೇ. ಅರ್ಧ ಹೊತ್ತಿನಲ್ಲಿ ಪಾಠ ಮುಗಿಯುವುದು ಹೇಗೆ ಎಂಬ ಚಿಂತೆ ದೊಡ್ಡವರದು.

ನಮ್ಮ ಟೀಚರ್ ಸರೋಜಾ ಮಿಸ್ ಮೊದಲು ಬಿಟ್ಟದ್ದು ನೋಟ್ಸ್ ಬರೆಸುವುದನ್ನು.

“ಪುಸ್ತಕದಲ್ಲಿರೋದನ್ನ ನಾನು ಬೋರ್ಡಿಗೆ ಸಾಗಿಸ್ತೀನಿ, ಬೋರ್ಡಲ್ಲಿರೋದನ್ನ ನೀವು ಮನೆಗೆ ಸಾಗಿಸ್ತೀರಿ. ತಲೆಗೆ ಯಾವಾಗ ಹೋಗೋದು?” ಎಂದರು.

ಅಂದಿನಿಂದ ಮಿಸ್ ಸ್ವಲ್ಪ ಹೊತ್ತು ಪಾಠ ಹೇಳುವುದು, ಆಮೇಲೆ ನಾವು ಇಬ್ಬಿಬ್ಬರು ಕೂತು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಡುವುದು. ನನ್ನ ಜೋಡಿ ಮಂಜುಳಾ. ಹತ್ತಿರದ ಇಟ್ಟಮಡುವಿನಿಂದ ಬರುತ್ತಿದ್ದ ಅವಳ ಅಕ್ಷರ ಮುತ್ತಿನಂತೆ. ಆದರೆ ಜೊತೆಗೆ ಕೂತಾಗ ನನಗೆ ತಿಳಿಯಿತು, ಅವಳಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ಇಷ್ಟು ವರ್ಷ ಬೋರ್ಡ್ ನೋಡಿ ಚಿತ್ರ ಬಿಡಿಸಿದಂತೆ ಬರೆದಿದ್ದಳಷ್ಟೆ.

“ಮಿಸ್ಸಿಗೆ ಹೇಳ್ಬೇಡ ಕಣೇ,” ಎಂದಳು. ನಾನು ಹೇಳಲಿಲ್ಲ. ಆದರೆ ಸಾಲುಗಳ ನಡುವೆ ಓಡಾಡುತ್ತಿದ್ದ ಮಿಸ್ಸಿಗೇ ಗೊತ್ತಾಯಿತು. ಬೈಯಲಿಲ್ಲ. ದಿನವೂ ನಾವೆಲ್ಲ ಜೋಡಿಯಾಗಿ ಕಲಿಯುವ ಹೊತ್ತಿನಲ್ಲಿ ಅವಳ ಪಕ್ಕ ಬಂದು ಕೂರತೊಡಗಿದರು.

ನಮ್ಮಪ್ಪ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಹೊಲ ಬಡಾವಣೆಗೆ ಹೋದ ಮೇಲೆ ದಿನಸಿ ಅಂಗಡಿ ಇಟ್ಟಿದ್ದರು. ಪುಟ ತುಂಬಿದ್ದರೆ ಪಾಠ ಆಗಿದೆ ಎಂದು ಅವರ ನಂಬಿಕೆ. ಒಂದೆರಡು ತಿಂಗಳಾದ ಮೇಲೆ ನನ್ನ ಖಾಲಿ ಪುಟಗಳನ್ನು ಕಂಡು ಸೀದಾ ಶಾಲೆಗೆ ಬಂದರು.

“ಮೇಡಂ, ನೋಟ್ಸೇ ಇಲ್ಲ ಅಂದ್ರೆ ಮಕ್ಳು ಪರೀಕ್ಷೆಗೆ ಏನ್ ಓದ್ತವೆ?”

“ಇವತ್ತು ಕ್ಲಾಸಲ್ಲಿ ಕೂತು ನೋಡಿ ಸಾರ್. ಆಮೇಲೆ ಬೈಯಿರಿ.”

ಅಪ್ಪ ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿ ಕೂತರು. ನಾನು ನಾಚಿಕೆಯಿಂದ ಪುಸ್ತಕದಲ್ಲಿ ಮುಖ ಹುದುಗಿಸಿದೆ. ಅಂದು ಮಿಸ್ ಹೊಸ ಪಾಠ ತೆಗೆದು, ಮಂಜುಳಾಳಿಗೆ ಓದು ಎಂದರು. ಅವಳು ಎದ್ದು ನಿಂತಳು. ಎರಡು ಸಾಲು ಹೇಗೋ ಓದಿದಳು. ಮೂರನೆಯದರಲ್ಲಿ ‘ವಿಸ್ತೀರ್ಣ’ ಎಂಬ ಪದ ಬಂತು. ನಿಂತಳು. ಯಾರೋ ಕಿಸಕ್ಕೆಂದರು. ಮಿಸ್ ಅತ್ತ ಒಮ್ಮೆ ನೋಡಿದರು, ಮಂಜುಳಾಳಿಗೆ ಏನೂ ಹೇಳಿಕೊಡಲಿಲ್ಲ. ಸುಮ್ಮನೆ ಕಾದರು. ನಾವೂ ಕಾದೆವು. ಅವಳ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು.

“ವಿ… ಸ್ತೀ… ವಿಸ್ತೀರ್ಣ,” ಎಂದಳು. ಆಮೇಲೆ ಪುಟದ ಕೊನೆಯವರೆಗೂ ಓದಿಯೇ ಕೂತಳು.

ಮನೆಗೆ ಬರುವಾಗ ಅಪ್ಪ ನೋಟ್ಸಿನ ಮಾತೇ ಎತ್ತಲಿಲ್ಲ. “ಆ ಹುಡುಗಿ ಓದೋವರೆಗೂ ಮೇಡಂ ಕಾದ್ರಲ್ಲ,” ಎಂದರು. “ನಮ್ ಮೇಷ್ಟ್ರು ಹಂಗೆ ಕಾದಿದ್ರೆ ನಾನೂ ಓದ್ತಿದ್ನೇನೋ.”

ಮಂಜುಳಾ ಪಾಸಾದಳು, ಹೈಸ್ಕೂಲಿಗೂ ನನ್ನ ಜೊತೆಗೇ ಬಂದಳು. ನಾವು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಸೂರು ರಿಪೇರಿಯಾಗಿ ಪೂರ್ತಿ ದಿನದ ಶಾಲೆ ಮರಳಿತು. ಆದರೆ ಮಿಸ್ಸಿಗೆ ವರ್ಗವಾಯಿತು. ಹೊಸಬರು ಬೋರ್ಡ್ ತುಂಬಿಸಿದರು, ನಾವು ಪುಟ ತುಂಬಿಸಿದೆವು. ದಿನ ದೊಡ್ಡದಾಯಿತು, ನಮಗಾಗಿ ಕಾಯುವವರು ಇರಲಿಲ್ಲ.

ಈಗ ಜೆ.ಪಿ. ನಗರದಲ್ಲಿ ನನ್ನ ಮಗಳು ಓದುವ ಶಾಲೆಯಲ್ಲಿ ಗೋಡೆಯಗಲದ ಸ್ಕ್ರೀನ್ ಇದೆ. ಶಾಲೆ ಮುಗಿದರೆ ಟ್ಯೂಷನ್, ಅದು ಮುಗಿದರೆ ಅಬಾಕಸ್. ನೇರಳೆ ಹಣ್ಣನ್ನು ಅವಳು ಅಂಗಡಿಯ ಡಬ್ಬಿಯಲ್ಲಷ್ಟೇ ಕಂಡವಳು. ಮೊನ್ನೆ ಪೋಷಕರ ಸಭೆಯಲ್ಲಿ ಅವಳ ಹೊಸ ಟೀಚರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಅಳುಕುತ್ತಲೇ ಹೇಳಿದರು: “ಕೆಲವು ಮಕ್ಕಳಿಗೆ ಓದೋದು ಕಷ್ಟ ಆಗ್ತಿದೆ. ಈ ಟರ್ಮ್ ಪೋರ್ಷನ್ ಸ್ವಲ್ಪ ನಿಧಾನ ಆಗುತ್ತೆ. ಬೇಜಾರ್ ಮಾಡ್ಕೋಬೇಡಿ.”

ಸುತ್ತ ಗುಸುಗುಸು ಎದ್ದಿತು. ಸಭೆಯಲ್ಲಿ ಎಂದೂ ಬಾಯಿ ಬಿಡದ ನಾನು ಎದ್ದು ನಿಂತೆ.

“ನಿಧಾನವಾಗೇ ಮಾಡಿ ಮೇಡಂ,” ಎಂದೆ. “ನಾವು ಕಾಯ್ತೀವಿ.”