ನಿಂತ ಗಾಡಿಯ ಕ್ಲಚ್

ನಮ್ಮ ಮನೆ ಹೊನ್ನಾವರದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮನೆಯ ಪಕ್ಕಕ್ಕೆ ಒಂದು ತಗಡಿನ ಶೆಡ್ಡು, ಅದರೊಳಗೆ ನನ್ನ ಗಂಡನ ಕೆಂಪು ಕಾರು. ಅದನ್ನು ಕಾರೆಂದು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಮಾಡು, ಒಳಗೆ ಕೂರಬೇಕೆಂದರೆ ಮೊದಲು ಬೀಳಬೇಕು. ಮಕ್ಕಳಿಲ್ಲದವರಿಗೆ ಹೇಳಿ ಮಾಡಿಸಿದ ಗಾಡಿ ಎಂದು ನನ್ನ ಅತ್ತೆ ಬದುಕಿದ್ದಷ್ಟು ದಿನ ನೆಂಟರ ಎದುರಿಗೇ ಹೇಳುತ್ತಿದ್ದರು. ಗಂಡ ಆಗ ನಗುತ್ತಿದ್ದರು.

ಕಾರನ್ನು ಗೋವಾ ಕಡೆಯಿಂದ ತಂದದ್ದು. ಅಂಥ ಕಾರು ತಯಾರಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಮೈ ಫೈಬರಿನದು, ಅದಕ್ಕೆ ಏನೂ ಆಗುವುದಿಲ್ಲ. ಅಡಿಯ ಚಾಸಿ ಕಬ್ಬಿಣದ್ದು, ಅದನ್ನು ಕಡಲ ಗಾಳಿ ತಿನ್ನುತ್ತಲೇ ಇರುತ್ತದೆ. ಹಾಗಾಗಿ ಭಾನುವಾರವೆಂದರೆ ಇವರು ಕಾರಿನಡಿಗೆ ಮಲಗಿ ತುಕ್ಕು ಕೆರೆಯುವುದು, ಮೀನೆಣ್ಣೆ ಬಳಿಯುವುದು. ಆ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ನಮ್ಮ ಶೆಡ್ಡಿನಲ್ಲೇ ಬೀಡುಬಿಟ್ಟಿದ್ದವು. ಸ್ಪ್ರಿಂಗ್ ಕತ್ತರಿಸಿ ಮೊದಲೇ ತಗ್ಗಾಗಿದ್ದ ಕಾರನ್ನು ಇನ್ನಷ್ಟು ತಗ್ಗಿಸಿದರು, ಸೈಲೆನ್ಸರ್ ಬದಲಾಯಿಸಿ ಊರಿನ ನಿದ್ದೆ ಕೆಡಿಸಿದರು. ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಮೇಲೆ ಕ್ಲಚ್ ತಡೆಯುವುದಿಲ್ಲವೆಂದು ಬಹಳ ಗಟ್ಟಿಯಾದ ಕ್ಲಚ್ ಹಾಕಿದರು. ಆ ಪೆಡಲನ್ನು ಒತ್ತಲು ತೊಡೆಯಲ್ಲಿ ಬಲ ಬೇಕು. ನನಗಂತೂ ಎರಡು ಕಾಲಿಟ್ಟು ಒತ್ತಿದರೂ ಅರ್ಧಕ್ಕೇ ನಿಲ್ಲುತ್ತಿತ್ತು, ಅದನ್ನು ಬಂದವರಿಗೆಲ್ಲ ತೋರಿಸಿ ಇವರು ಖುಷಿಪಡುತ್ತಿದ್ದರು.

ಇಂಥದೇ ಕಾರು ಇನ್ನೂ ಮೂವರ ಬಳಿ ಇತ್ತು. ಒಬ್ಬ ಭಟ್ಕಳದ ಜವಳಿ ಅಂಗಡಿಯವನು, ಒಬ್ಬ ಕುಮಟಾದಲ್ಲಿ ಬ್ಯಾಂಕಿನ ಕೆಲಸದವನು, ಮತ್ತೊಬ್ಬರು ಮಿರ್ಜಾನದ ಮೇಷ್ಟ್ರು. ಪೇಟೆಯಲ್ಲಿ ಬಿಡಿಭಾಗ ಸಿಗುವುದಿಲ್ಲವಾದ್ದರಿಂದ ನನ್ನ ಗಂಡ ಒಂದು ನಿಯಮ ಮಾಡಿದ್ದರು. ಯಾರ ಗಾಡಿ ನಿಂತುಹೋಗುತ್ತದೋ ಅದರಿಂದ ಉಳಿದವರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು, ಕೇಳಬೇಕಾಗಿಲ್ಲ. ಗಾಡಿ ನಿಂತಿತೆಂದು ತೀರ್ಮಾನಿಸುವವರೂ ಉಳಿದವರೇ. ಮಿರ್ಜಾನದ ಮೇಷ್ಟ್ರು ಅಪ್ಪನನ್ನು ನೋಡಿಕೊಳ್ಳಲು ಒಂದು ಮಳೆಗಾಲ ಪೂರ್ತಿ ಆಸ್ಪತ್ರೆಯಲ್ಲಿದ್ದರು. ಇವರೂ ಕುಮಟಾದವನೂ ಅವರ ಮನೆಗೆ ಹೋಗಿ ಕಾರ್ಬ್ಯುರೇಟರ್ ಬಿಚ್ಚಿ ತಂದರು. ಅಪ್ಪ ತೀರಿಹೋಗಿ ಮನೆಗೆ ಬಂದ ಮೇಷ್ಟ್ರು ಬಾನೆಟ್ ಎತ್ತಿ ಕಂಗಾಲಾಗಿ ನಿಂತದ್ದನ್ನು ಯಾರೋ ಹೇಳಿದರಂತೆ, ಅದನ್ನು ಇವರು ನನಗೆ ಅಭಿನಯಿಸಿ ತೋರಿಸಿದರು. ಪಕ್ಕದಲ್ಲೇ ಕೂತಿದ್ದ ಕುಮಟಾದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನ ಗಂಡ ಬಚ್ಚಲಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಮಾತು ಉಳಿಯಿತು, ಬಲಗಡೆ ಉಳಿಯಿತು, ಎಡಗೈ ಎಡಗಾಲು ಹೋದವು. ಕೈ ಕಷ್ಟ, ಕಾಲಿಗೆ ದಿನಾ ವ್ಯಾಯಾಮ ಮಾಡಿಸಿದರೆ ನಡೆದಾಡಬಹುದು ಎಂದರು ಡಾಕ್ಟರು. ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುತ್ತಿದ್ದ ಹುಡುಗಿಗೆ ಇವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಣೆ ತಳ್ಳುವುದು, ಟವೆಲ್ ಎಳೆಯುವುದು ಯಾವುದೂ ಬೇಡ. ಕಾರಿನಲ್ಲಿ ಕೂರಿಸಿ, ಕ್ಲಚ್ ಒತ್ತುತ್ತೇನೆ ಎಂಬ ಒಂದೇ ಹಟ. ಅದೂ ವ್ಯಾಯಾಮವೇ, ಮಾಡಲಿ ಎಂದಳು ಆ ಹುಡುಗಿ.

ದಿನಾ ಬೆಳಿಗ್ಗೆ ಆ ದೇಹವನ್ನು ಶೆಡ್ಡಿನವರೆಗೆ ಎಳೆದುಕೊಂಡು ಹೋಗಿ ಆ ಗುಂಡಿಯಂಥ ಸೀಟಿಗೆ ಇಳಿಸುವುದು ನನ್ನ ಪಾಲಿಗೆ ಬಂತು. ಲುಂಗಿಯ ಗಂಟು ಹಿಡಿದು ಇಳಿಸಬೇಕು, ಕಂಕುಳಿಗೆ ಕೈಹಾಕಿ ಎತ್ತಬೇಕು. ಕತ್ತರಿಸಿದ ಆ ಸ್ಪ್ರಿಂಗುಗಳನ್ನು ನಾನು ಶಪಿಸದ ದಿನವಿಲ್ಲ. ನಿಮ್ಮ ಕಾಲಿಗಿಂತ ಚಾಸಿಯ ತುಕ್ಕು ಕಡಿಮೆ ಎಂದು ಒಮ್ಮೆ ಅಂದೆ. ಅವರೂ ಬಿಡಲಿಲ್ಲ, ನನ್ನ ಅಡುಗೆ ತಿಂದೇ ರಕ್ತ ಹೆಪ್ಪುಗಟ್ಟಿದ್ದು ಎಂದರು. ಆದರೆ ಬೆವರಿಳಿಸಿಕೊಂಡು ಒತ್ತುತ್ತಿದ್ದರು. ಮೊದಮೊದಲು ಪೆಡಲ್ ಅಲುಗುತ್ತಲೂ ಇರಲಿಲ್ಲ. ಆಮೇಲೆ ಒಂದಿಷ್ಟು ಕೆಳಗೆ ಹೋಗತೊಡಗಿತು. ಪೆಡಲ್ ನೆಲ ಮುಟ್ಟಿದ ದಿನ ಕಾರು ಹೊರಗೆ ತೆಗೆಯುತ್ತೇನೆ ಎನ್ನುತ್ತಿದ್ದರು. ಕಾರಿನ ಆಸೆ ನನಗಿರಲಿಲ್ಲ. ಅವರು ಪೆಡಲ್ ಒತ್ತಿಯಾದರೂ ತಮ್ಮ ಕಾಲ ಮೇಲೆ ಬಚ್ಚಲಿಗೆ ಹೋಗುವಂತಾಗಲಿ ಎಂದು ಹಂಬಲಿಸುತ್ತಿದ್ದೆ.

ಕುಮಟಾದವನು ಬ್ರೆಡ್ಡು, ಸೇಬು ಹಿಡಿದುಕೊಂಡು ನೋಡಲು ಬಂದ. ಯಾವಾಗಲೂ ಕಾರಿನಲ್ಲೇ ಬರುವವನು ಆ ದಿನ ಬಸ್ಸಿನಲ್ಲಿ ಬಂದಿದ್ದ, ಅವನ ಕಾರಿನಲ್ಲೂ ಏನೋ ತುಂಡಾಗಿತ್ತು. ಜಗಲಿಯಲ್ಲಿ ಕೂತು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಇವರ ಎಡಗಾಲನ್ನು ಪಾದದಿಂದ ಮಂಡಿಯವರೆಗೆ ನೋಡಿದ. ಆಮೇಲೆ ಒಳಗೆ ಬಂದು, ಚಹಾ ಸೋಸುತ್ತಿದ್ದ ನನ್ನ ಹತ್ತಿರ ಕೇಳಿದ:

"ಅತ್ಗೇ, ಕಾಲು ಇನ್ನು ಬರೂದಿಲ್ಲ ಹೇಳಿ ಆತಾ?"

ಬಂದೇ ಬರುತ್ತದೆ ಎಂದೆ. ಅವನು ತಲೆಯಾಡಿಸಿದ, ಸಕ್ಕರೆ ಕಡಿಮೆ ಹಾಕಿ ಎಂದ. ಹೋಗುವಾಗ ಶೆಡ್ಡಿನೊಳಗೆ ಒಂದು ಸುತ್ತು ಹಾಕಿ ಹೋದ.

ಅದೇ ವಾರ ಬಾಡಿಗೆ ಗಾಡಿ ಮಾಡಿ ಇವರನ್ನು ಇಡಗುಂಜಿಗೆ ಕರೆದುಕೊಂಡು ಹೋಗಿ ಗಣಪತಿಗೆ ಪಂಚಕಜ್ಜಾಯ ಮಾಡಿಸಿದೆ. ಮರಳುವಷ್ಟರಲ್ಲಿ ಬಿಸಿಲು ಏರಿತ್ತು, ಇಬ್ಬರೂ ಉಂಡು ಮಲಗಿದೆವು. ಶೆಡ್ಡಿನ ಕಡೆಗೆ ಯಾರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಸೀಟಿಗೆ ಇಳಿಸಿದೆ. ಬಲಗೈಯಿಂದ ಎಡಗಾಲನ್ನು ಎತ್ತಿ ಪೆಡಲಿನ ಮೇಲಿಟ್ಟುಕೊಂಡರು, ಒತ್ತಿದರು. ಪೆಡಲ್ ಸೀದಾ ಹೋಗಿ ನೆಲ ಮುಟ್ಟಿತು. ನಾನು ಕೂಗಿಯೇಬಿಟ್ಟೆ. ನನ್ನ ದೇವರೇ, ಗಣಪತೀ ಎನ್ನುತ್ತ ಅವರ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡೆ, ಮದುವೆಯಾದಾಗಿನಿಂದ ಮನೆಯ ಹೊರಗೆ ಹಾಗೆ ಮುಟ್ಟಿದ್ದೇ ಇಲ್ಲ. ಅಲ್ಲೇ ನಿಂತು ನಾದಿನಿಗೆ ಫೋನು ಮಾಡಿದೆ, ನಿಮ್ಮಣ್ಣನ ಕಾಲು ಬಂತು ಎಂದೆ. ಆ ಕಡೆಯಿಂದ ಅವಳು ಅಳುತ್ತಿದ್ದಳು, ಈ ಕಡೆ ನಾನು.

ಇವರು ಮಾತ್ರ ಇನ್ನೊಮ್ಮೆ ಒತ್ತಿದರು. ಆಮೇಲೆ ಕಾಲನ್ನು ಎತ್ತಿ ಬದಿಗಿಟ್ಟು, ಊರುಗೋಲಿನ ತುದಿಯಿಂದ ಪೆಡಲನ್ನು ಮೆಲ್ಲಗೆ ತಳ್ಳಿದರು. ಅದು ಹಾಗೆಯೇ ನೆಲಕ್ಕೆ ಹೋಯಿತು.

"ಫೋನು ಇಡು," ಎಂದರು. "ಕೇಬಲ್ ತೆಗ್ದಿದ್ದಾರೆ."

ಬಾನೆಟ್ ಎತ್ತಿ ಎಲ್ಲಿ ನೋಡಬೇಕೆಂದು ಅವರೇ ಹೇಳಿದರು, ನೋಡಿದೆ. ಕ್ಲಚ್ಚನ್ನೂ ಪೆಡಲನ್ನೂ ಸೇರಿಸುವ ತಂತಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಪೆಡಲನ್ನು ಮೇಲೆ ಹಿಡಿದಿದ್ದ ಸಣ್ಣ ಸ್ಪ್ರಿಂಗು ಬಿಟ್ಟರೆ ಅದಕ್ಕೆ ಭಾರವೇ ಇರಲಿಲ್ಲ, ಮಗು ಒತ್ತಿದರೂ ಹೋಗುತ್ತಿತ್ತು. ಕುಮಟಾದವನ ಕಾರಿನಲ್ಲಿ ತುಂಡಾದದ್ದು ಅದೇ, ನಾವು ಇಡಗುಂಜಿಗೆ ಹೋದಾಗ ಬಂದು ಬಿಚ್ಚಿದ್ದಾನೆ ಎಂದರು. ನನ್ನ ಮೈ ಉರಿದುಹೋಯಿತು. ನಿಂತದ್ದು ಅವನ ಕಾರು, ಅದರಿಂದ ನಾವು ತೆಗೆಯಬೇಕಿತ್ತಲ್ಲ, ಎಂಥ ನಿಯಮ ನಿಮ್ಮದು ಎಂದು ಕೇಳಿದೆ.

"ಅವಂದು ಗಾಡಿ ಒಂದೇ ನಿಂತದ್ದು," ಎಂದರು ನನ್ನ ಗಂಡ. "ನಂದು ಕಾಲು."

ನಾದಿನಿಗೆ ಮತ್ತೆ ಫೋನು ಮಾಡಿ ಸುದ್ದಿ ಸುಳ್ಳೆಂದು ಹೇಳುವ ಕೆಲಸವೂ ನನ್ನದೇ ಆಯಿತು.

ಭಾನುವಾರ ಹೆದ್ದಾರಿಯ ತಿರುವಿನಲ್ಲೇ ಕುಮಟಾದವನ ಕಾರಿನ ಸದ್ದು ಕೇಳಿತು. ಒಳಗೆ ಕಾಲಿಟ್ಟರೆ ಬಿಸಿನೀರು ಎರಚುತ್ತೇನೆ ಎಂದೆ. ಚಹಾ ಇಡು ಎಂದರು ಇವರು. ಅವನು ಜಗಲಿಯಲ್ಲಿ ಕೂತು, ಕೈಯಲ್ಲಿದ್ದ ಗೋಣಿಚೀಲವನ್ನು ಕೆಳಗಿಟ್ಟ. ಅದರೊಳಗೆ ಕಬ್ಬಿಣ ಸದ್ದು ಮಾಡಿತು. ಕ್ಷಮೆ ಕೇಳುವುದು ಅವನಿಗೆ ಹೊಳೆದಿರಲಿಲ್ಲ, ಇವರೂ ಅದನ್ನು ಕಾಯುತ್ತಿರಲಿಲ್ಲ. ಕೇಬಲ್ ಸರಿಯಾಗಿ ಕೂತಿತಾ ಎಂದಷ್ಟೇ ಕೇಳಿದರು.

"ಉದ್ದ ಆತು ಅಣ್ಣಾ," ಎಂದ ಅವನು. "ತುದಿ ಕತ್ರಿಸಿದೆ."

ಗಟ್ಟಿ ಕ್ಲಚ್ಚಿಗೆಂದು ಇವರು ಉದ್ದ ಮಾಡಿಸಿದ್ದ ಕೇಬಲ್ ಅದು, ಅಂದರೆ ಇನ್ನು ನಮ್ಮ ಕಾರಿಗೆ ಬರುವುದಿಲ್ಲ. ಇವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಗೋಣಿಚೀಲವನ್ನು ನೋಡಿದರು. ಗೇರ್‌ಬಾಕ್ಸಿಗೆ ಬಂದೆಯಾ ಎಂದು ಕೇಳಿದರು, ಅವನು ಹೌದೆಂದ. ಜಾಕು ನಮ್ಮದೇ ಇದೆ, ತಂದುಕೊಡು ಎಂದು ನನಗೆ ಹೇಳಿದರು. ನಾನು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದರು. ಕಡಿದರೂ ತರುವುದಿಲ್ಲ ಎಂದೆ.

ಆಗ ನನ್ನ ಗಂಡ ಕುರ್ಚಿಯ ಕೈಹಿಡಿಕೆಗೆ ಬಲಗೈ ಊರಿ ಎದ್ದು ನಿಂತರು. ನನ್ನ ಹೆಗಲಿಗೂ ಕೈಹಾಕಲಿಲ್ಲ, ಊರುಗೋಲನ್ನೂ ತೆಗೆದುಕೊಳ್ಳಲಿಲ್ಲ. ಗೋಡೆ ಹಿಡಿದು ಜಗಲಿಯ ಮೆಟ್ಟಿಲು ಇಳಿದರು. ಎಡಗಾಲು ಎಳೆಯುತ್ತಿತ್ತು, ಆದರೂ ಎತ್ತಿ ಇಡುತ್ತಿದ್ದರು. ಆಸ್ಪತ್ರೆಯ ಹುಡುಗಿ ಬೈಸಿಕೊಂಡೂ ಕಾದಿದ್ದು ಆ ನಡಿಗೆಗೆ, ನಾನು ಇಡಗುಂಜಿಯಲ್ಲಿ ಬೇಡಿಕೊಂಡದ್ದೂ ಅದನ್ನೇ. ಅಂಗಳ ದಾಟಿ ಶೆಡ್ಡಿನವರೆಗೆ ಒಬ್ಬರೇ ಹೋಗಿ, ಬಾಗಿಲಿನ ಹಿಂದಿನಿಂದ ಜಾಕನ್ನು ಬಲಗೈಯಲ್ಲಿ ಎಳೆದು, ಗೋಣಿಚೀಲ ಹಿಡಿದು ಹಿಂದೆ ಬಂದಿದ್ದ ಅವನ ಮುಂದಿಟ್ಟರು. ಹಿಂದಿನ ಬೋಲ್ಟು ಮೊದಲು ಬಿಚ್ಚು, ಅದು ಹಿಡಿದುಕೊಂಡಿದೆ ಎಂದರು. ಅವನು ಆಗಲೇ ಜಾಕು ಏರಿಸಿ ಕಾರಿನಡಿಗೆ ಮಲಗಿದ್ದ.