ಮೂಳೆ ಬೆಳೆಸುತ್ತಿದ್ದ ಮೇಡಂ

ಸ್ಪಿರಿಟ್ ತಾಗಿ ತಾಗಿ ಮೇಡಂ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಪ್ರಯೋಗಾಲಯದೊಳಗೆ ಬಂದರೆ ಎರಡೂ ಕೈಗಳನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಏನನ್ನೂ ಮುಟ್ಟದೆ, ನೀರೊಳಗೆ ನಡೆಯುವವರಂತೆ ನಿಧಾನವಾಗಿ ನಡೆಯುತ್ತಿದ್ದರು. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಉಳಿದ ಮೇಷ್ಟ್ರುಗಳೆಲ್ಲ ಓಡಾಡಿದರೆ ಇವರು ತೇಲಾಡುತ್ತಿದ್ದರು. ಅವರ ಬೆನ್ನ ಹಿಂದೆ ನಾವೂ ಹಾಗೇ ನಡೆದು ನಗುತ್ತಿದ್ದೆವು.

ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅವರ ಬಳಿ ಸೇರಿದೆ. ಕುರಿಮೂಳೆಯ ಮಜ್ಜೆಯಿಂದ ಸ್ಟೆಮ್ ಸೆಲ್ ತೆಗೆದು ಪುಟ್ಟ ತಟ್ಟೆಗಳಲ್ಲಿ ಬೆಳೆಸುವುದು ಕೆಲಸ. ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಜೀವಕೋಶಗಳು ಅವು; ಮೂಳೆ ಮುರಿದರೆ ಅಲ್ಲಿಗೆ ಸೇರಿ ತಾವೇ ಮೂಳೆಯಾಗುತ್ತವೆ. ಅವುಗಳ ಆಹಾರದ ದ್ರವ ಬದಲಿಸುವಾಗ ಮೇಡಂ, "ಹಸಿವಾಯ್ತೇನ್ರಮ್ಮಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಮಧ್ಯಾಹ್ನದ ಬಿಸಿಲು ಹಸಿರು ಪರದೆಯಲ್ಲಿ ಸೋಸಿ ಬರುತ್ತಿತ್ತು, ಇನ್‌ಕ್ಯುಬೇಟರ್ ಗುಯ್‌ಗುಡುತ್ತಿತ್ತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನೀಳ ನೀಳ ಜೀವಕೋಶಗಳು ಮೀನಿನ ಮರಿಗಳ ಹಾಗೆ ಒಂದೇ ದಿಕ್ಕಿಗೆ ಮಲಗಿರುತ್ತಿದ್ದವು. ನಾನು ಅಲ್ಲೇ ಕಳೆದುಹೋಗುತ್ತಿದ್ದೆ.

"ಕನಸು ಕಾಣೇ, ಬೇಡ ಅನ್ನಲ್ಲ. ಮೈಕ್ರೋಸ್ಕೋಪಿಂದ ಕಣ್ಣು ತೆಗೆದ್ಮೇಲೆ ಕಾಣು," ಎನ್ನುತ್ತಿದ್ದರು ಮೇಡಂ.

ನನ್ನ ಕನಸಿಗೆ ಕಾರಣವಿತ್ತು. ನಮ್ಮೂರು ಸಾದಲಿಯಲ್ಲಿ ಅಮ್ಮ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತು ಬರುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ನಾಟಿ ಕಟ್ಟು ಕಟ್ಟಿಸಿ ತಿಂಗಳುಗಳಾದರೂ ಮೂಳೆ ಕೂಡಿರಲಿಲ್ಲ. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು, ಇನ್ನೂ ತಡಮಾಡಿದರೆ ಕೈ ಕೆಲಸಕ್ಕೆ ಬಾರದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಒಪ್ಪಲಿಲ್ಲ. ಮಗಳು ಕಾಲೇಜಿನಲ್ಲಿ ಮೂಳೆ ಬೆಳೆಯುತ್ತಿದ್ದಾಳಲ್ಲ! ನಮ್ಮ ಕಡೆ ರೇಷ್ಮೆಹುಳ ಮೇಯಿಸುವುದಕ್ಕೂ ಬೆಳೆ ಎಂದೇ ಹೆಸರು. ಇದನ್ನೂ ಅವಳು ಅದೇ ಸಾಲಿಗೆ ಸೇರಿಸಿದ್ದಳು. "ನಿನ್ ಬೆಳೆ ಯಾವಾಗ ಬರುತ್ತಮ್ಮ?" ಎಂದು ಫೋನಿನಲ್ಲಿ ದಿನಾ ಕೇಳುವಳು. ಅದು ಹಾಗಲ್ಲ ಎಂದರೆ ನಗುವಳು. ಒಳಗೊಳಗೆ ನನಗೂ ಹಾಗೇ ಆಗಲಿ ಎನಿಸುತ್ತಿತ್ತು.

ಒಂದು ದಿನ ಮೇಡಂಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ನಾಳೆ ತಟ್ಟೆಗೆ ಬಣ್ಣ ಹಾಕೋ ದಿನ. ಅಮ್ಮನ್ನ ಕರ್ಕೊಂಡು ಬಾ," ಎಂದರು.

ಜೀವಕೋಶಗಳು ಮೂಳೆಯಾಗತೊಡಗಿದ ಕಡೆಯಲ್ಲಿ ಮಾತ್ರ ಕೆಂಪಾಗುವ ಬಣ್ಣ ಅದು. ಅಮ್ಮ ಹುಳದ ಮನೆಗೆ ಹೋಗುವವಳಂತೆ ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಬಂದಳು. ಮೈಕ್ರೋಸ್ಕೋಪಿನಲ್ಲಿ ಇಣುಕಿ, "ಅಯ್ಯೋ, ಕುಂಕುಮ ಚೆಲ್ಲಿದಂಗೈತೆ! ಇದ್ನ ನನ್ ಕೈಗೆ ಯಾವತ್ತು ಹಾಕ್ತೀರಾ ಮೇಡಂ?" ಎಂದಳು.

ಮೇಡಂ ಸ್ಟೂಲು ಎಳೆದು ಅವಳ ಎದುರು ಕೂತರು. ಮುರಿದ ಕೈಯನ್ನು ಮೆತ್ತಗೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಊರಿನ ಮಾತಿಗೆ ಇಳಿದರು.

"ಹಾಕಲ್ಲಮ್ಮ. ನಮ್ ಕೈಲಾಗಲ್ಲ. ನಾನೂ ಮೇಲೂರಲ್ಲಿ ಹುಳದ ಮನೇಲೇ ಬೆಳೆದೋಳು. ಇದಿನ್ನೂ ಚಾಕಿ ಹುಳ ಕಣಮ್ಮ, ಈಗ್ತಾನೆ ಮೊಟ್ಟೆ ಒಡ್ದು ಬಂದೈತೆ. ಗೂಡು ಕಟ್ಟೋದನ್ನ ನಾನು ನೋಡ್ತೀನೋ ಇಲ್ವೋ. ಅಲ್ಲೀವರ್ಗೂ ನಿಮ್ ಕೈ ಕಾಯಲ್ಲ."

ಅಮ್ಮ ಇನ್ನೊಮ್ಮೆ ಆ ತಟ್ಟೆಯತ್ತ ನೋಡಿದಳು.

"ಆಪ್ರೇಷನ್ ದಿನ ನೀವೂ ಬರ್ತೀರಾ?" ಎಂದು ಕೇಳಿದಳು.

ಮೇಡಂ ಬಂದರು. ಕಾಲೇಜಿಗೆ ರಜೆ ಹಾಕಿ, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು, ಕಡ್ಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕುತ್ತಿದ್ದರು.

ಕೈ ಕೂಡಿತು. ಈಗ ನಾನು ಬೇರೊಂದು ಪ್ರಯೋಗಾಲಯದಲ್ಲಿ ಅದೇ ಕೆಲಸ ಮಾಡುತ್ತೇನೆ. ಆಸೆಯಿಂದ ಕೇಳಿದವರಿಗೆ "ಇನ್ನೂ ಆಗಿಲ್ಲ" ಎನ್ನುವುದು ಎಷ್ಟು ಕಷ್ಟವೆಂದು ಗೊತ್ತಾಗಿದೆ. ಹಾಗನ್ನುವಾಗಲೆಲ್ಲ ಮೇಡಂ ನೆನಪಾಗುತ್ತಾರೆ.

ಹೋದ ಚಳಿಗಾಲ ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಊರಲ್ಲಿದ್ದೆ. ಗೂಡು ಕಟ್ಟಲು ಇನ್ನೇನು ಕೆಲವೇ ದಿನ ಉಳಿದಿದ್ದ ಹುಳಗಳು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಜ್ವರ ಬಂದರೂ ಅಮ್ಮ ಅದನ್ನು ತಪ್ಪಿಸಿದವಳಲ್ಲ. ಅವತ್ತು ಸುದ್ದಿ ಕೇಳಿದವಳೇ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲ ಬಳಿ ಕೂತುಬಿಟ್ಟಳು.

"ನೀನೇ ಹಾಕಮ್ಮ. ಈ ಕೈ ಇವತ್ತು ಏಳ್ತಿಲ್ಲ," ಎಂದಳು.

ಸೊಪ್ಪು ನಾನೇ ಹಾಕಿದೆ.