ಬೆಳಕಿಂಡಿಯ ತವರು

ಮೊನ್ನೆ ಬಸ್ಸು ಅಡರಕಟ್ಟಿ ದಾಟುವಾಗ ಮಳೆ ಹನಿಯಿತು. ಕಿಟಕಿಯಿಂದ ಸವಳು ಮಣ್ಣಿನ ವಾಸನೆ ಬಂತು. ಉಪ್ಪುಪ್ಪಾದ, ತುಸು ಸೀದ ರೊಟ್ಟಿಯಂಥ ವಾಸನೆ. ಮಣ್ಣಿನ ಚಾವಣಿಯ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಮೊದಲು ಪ್ರತಿವರ್ಷ ಆ ಮಣ್ಣನ್ನು ಮಾಳಿಗೆಯ ಮೇಲೆ ಹರಡಿ, ನೀರು ಚಿಮುಕಿಸಿ ತುಳಿಯದಿದ್ದರೆ ಮಳೆಯೆಲ್ಲ ಮನೆಯೊಳಗೇ. ನನಗೆ ನಮ್ಮ ಸೋದರಮಾವ ಫಕ್ಕೀರಪ್ಪ ನೆನಪಾದ. ಸೀಟಿನಲ್ಲಿ ಒಬ್ಬಳೇ ನಕ್ಕುಬಿಟ್ಟೆ.

ಎಪ್ಪತ್ತರ ದಶಕದ ಕೊನೆ ಅದು. ಅವ್ವನನ್ನೂ ಅವಳ ಅಣ್ಣ ಫಕ್ಕೀರಪ್ಪನನ್ನೂ ಸಾಕಿದ ಸೋದರತ್ತೆ ಗಂಗಜ್ಜಿ ಲಕ್ಷ್ಮೇಶ್ವರದಲ್ಲಿ ತೀರಿಕೊಂಡಳು. ಮೃತ್ಯುಪತ್ರದಲ್ಲಿ ಮನೆಯನ್ನು ಅವ್ವನೊಬ್ಬಳ ಹೆಸರಿಗೆ ಬರೆದಿದ್ದಳು. ಮುಂಡರಗಿಯಲ್ಲಿದ್ದ ಮಾವನಿಗೆ ಅದು ನುಂಗಲಾರದ ತುತ್ತಾಯಿತು. ಆಸ್ತಿಯ ಆಸೆಗಲ್ಲ, ಹೊಲ ಸಾಕಷ್ಟಿತ್ತು. "ಮುದುಕಿ ನನ್ನ ಹೆಸರ ಮರತ್ಳಲ್ಲ" ಎಂಬ ಸಂಕಟ. ಗದಗಿನ ಕೋರ್ಟಿನಲ್ಲಿ ತಕರಾರು ಹಾಕಿದ, ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆಯನ್ನೂ ಮಾಡಿದ. ಮೃತ್ಯುಪತ್ರ ಖರೆಯೋ ಸುಳ್ಳೋ ತೀರ್ಮಾನವಾಗುವವರೆಗೆ ಅವ್ವ ಮನೆ ನೋಡಿಕೊಳ್ಳಲಿ, ಆದರೆ ಇದ್ದದ್ದು ಇದ್ದ ಹಾಗೇ ಇರಲಿ ಎಂದಿತು ಕೋರ್ಟು. ಅಪ್ಪನನ್ನು ಶಿರಹಟ್ಟಿಯ ಅಂಗಡಿಯಲ್ಲಿ ಬಿಟ್ಟು, ಅವ್ವ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಆ ಮನೆಗೆ ಬಂದಳು. ಅವಳಿಗೆ ತವರೆಂದು ಉಳಿದದ್ದು ಅಣ್ಣನೊಬ್ಬನೇ. ಮನೆ ಗೆದ್ದು ಅವನನ್ನು ಕಳೆದುಕೊಂಡರೆ ಏನು ಗತಿ ಎಂಬುದೇ ಅವಳ ಹೆದರಿಕೆ.

ಹಾಗಾಗಿ ಕೋರ್ಟಿನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಗೂಟದಲ್ಲಿದ್ದ ಅಜ್ಜಿಯ ಹರಕು ಚೀಲ ಗೂಟದಲ್ಲೇ ಉಳಿಯಿತು. ತೊಲೆಯ ಗುಬ್ಬಿಗೂಡಿಗೆ ಕೈ ಹಾಕಿದ ತಮ್ಮನಿಗೆ, "ಲೇ, ಅದೂ ಕೋರ್ಟಿನ್ಯಾಗ ಐತಿ!" ಎಂದು ಗದರಿದಳು. ನಮಗಂತೂ ಆ ಮನೆ ಹಬ್ಬವೇ. ತಂಪು ಪಡಸಾಲೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು; ಅದರಲ್ಲಿ ಕುಣಿಯುವ ಧೂಳು ಹಿಡಿಯಲು ಹೋಗಿ ಇಬ್ಬರೂ ಡಿಕ್ಕಿ ಹೊಡೆದುಕೊಳ್ಳುತ್ತಿದ್ದೆವು.

ಮುಂಗಾರು ಹತ್ತಿರವಾದಾಗ ವಾಡಿಕೆಯಂತೆ ಹುಸೇನಸಾಬ ಚಕ್ಕಡಿಯಲ್ಲಿ ಸವಳು ಮಣ್ಣು ತಂದ. ಅವ್ವ ಅಡ್ಡ ನಿಂತಳು. "ಇಳಸಬ್ಯಾಡ್ರಿ. ಹೊಸ ಮಣ್ಣ ಬಿದ್ರ ಮನಿ ಬದಲಾದಂಗ ಆಕ್ಕೈತಿ. ಅಣ್ಣ ಹೂಂ ಅನ್ನಬೇಕು."

"ಕೋರ್ಟಿನ್ಯಾವ್ರು ಮಳಿಗೂ ನೋಟೀಸ ಕೊಟ್ಟಾರೇನವ್ವಾ?" ಎಂದು ನಗುತ್ತ ಹುಸೇನಸಾಬ ಮಣ್ಣನ್ನು ಬೀದಿಯಲ್ಲೇ ಸುರುವಿ ಹೋದ. ಅವ್ವ ಮುಂಡರಗಿ ಬಸ್ಸಿನ ಕಂಡಕ್ಟರನ ಮೂಲಕ ಮಾವನಿಗೆ ಖಬರು ಕಳಿಸಿದಳು.

ಮರುದಿನ ನೆತ್ತಿಯ ಮೇಲೆ ಧಪಧಪ ಸದ್ದು. ನೋಡಿದರೆ ಬೆಳಕಿಂಡಿಯಲ್ಲಿ ಮಾವನ ಮೀಸೆ! ಹೊಸ್ತಿಲು ತುಳಿಯುವ ಹಾಗಿಲ್ಲವಲ್ಲ, ಹೊರಗಿನಿಂದಲೇ ಏಣಿ ಹಾಕಿ ಹತ್ತಿದ್ದ.

"ಮ್ಯಾಲ ಹುಲ್ಲ ಬೆಳದೈತಿ. ಮನಿ ಬೀಳಸಾಕ ಹೊಂಟೀಯೇನ?"

"ನೀ ಹೂಂ ಅನ್ನಬೇಕಲ್ಲ ಅಣ್ಣಾ?"

"ಹೂಂ. ಯಾರಿಗಾರ ಸಿಗಲಿ, ಮೊದಲ ಮನಿ ಉಳೀಲಿ. ಹುಡುಗ್ರನ್ನ ಕಳಸು ಜಲ್ದಿ."

ಆ ದಿನದ ಖುಷಿಯನ್ನು ಹೇಗೆ ಹೇಳಲಿ! ಮಾವ ಧೋತರ ಮೇಲೆ ಕಟ್ಟಿ ಮಣ್ಣು ಹೊತ್ತು ಹಾಕಿದ. ನಾವು ಅವನ ಹಿಂದೆ ಹಿಂದೆ ಮೈಯೆಲ್ಲ ಮಣ್ಣಾಗಿ ತುಳಿದೆವು. ಊಟದ ಹೊತ್ತಿಗೆ ಅವ್ವ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿಯನ್ನು ಬುಟ್ಟಿಯಲ್ಲಿಟ್ಟಳು. ಮಾವ ಬೆಳಕಿಂಡಿಯಿಂದ ಹಗ್ಗ ಬಿಟ್ಟು ಬಾವಿ ನೀರಿನಂತೆ ಸೇದಿಕೊಂಡ. "ಉಪ್ಪ ಕಡಿಮಿ ಆಗೈತಿ" ಎಂದು ಮೇಲಿನಿಂದ ಅವನು, "ಕೆಳಗ ಬಾ, ಹಾಕ್ತೀನಿ" ಎಂದು ಕೆಳಗಿನಿಂದ ಅವಳು. ಅವ್ವ ಅಷ್ಟು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಕೇಸು ನಡೆದಷ್ಟು ವರ್ಷವೂ ಮಾವ ಹೀಗೇ ಬಂದ. ಕೋರ್ಟಿನಲ್ಲಿ ಮುಖ ತಿರುಗಿಸುತ್ತಿದ್ದ ಅಣ್ಣತಂಗಿ ಬೆಳಕಿಂಡಿಯಲ್ಲಿ ಸುಖದುಃಖ ಮಾತಾಡಿಕೊಳ್ಳುತ್ತಿದ್ದರು.

ಕೊನೆಗೆ ತೀರ್ಪು ಅವ್ವನ ಪರ ಬಂತು. ಇನ್ನು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅದಕ್ಕೇ ಅವ್ವ ಮಂಕಾದಳು. ಮೋಡ ಕಟ್ಟಿತ್ತು, ಮಣ್ಣು ಬೀದಿಯಲ್ಲಿ ಬಿದ್ದಿತ್ತು. "ಅಣ್ಣ ಹೂಂ ಅಂದಿಲ್ಲ" ಎಂದು ಯಾರನ್ನೂ ಹತ್ತಗೊಡದೆ ಮತ್ತೆ ಖಬರು ಕಳಿಸಿದಳು. ಒಂದು ಬೆಳಿಗ್ಗೆ ಮೇಲೆ ಹೆಜ್ಜೆಸದ್ದಾಯಿತು. ಅವ್ವ ಓಡಿಹೋಗಿ, "ಕೇಸ ಮುಗೀತಲ್ಲೋ, ಈಗರ ಬಾಗಲಿಂದ ಬಾ" ಎಂದು ಗೋಗರೆದಳು.

ಮಾವ ಬಗ್ಗಿ ನೋಡಿದ. "ಬಾಗಲಿಂದ ಬಂದ್ರ ನಿನ್ನ ಮನಿಗೆ ಬಂದು ಹೋಗೋ ಪಾವಣ್ಯಾ ಆಕ್ಕೀನಿ ತಂಗಿ. ಮಾಳಗಿ ಮ್ಯಾಲಿದ್ರ ನಾನೂ ಈ ಮನಿ ಮಗಾನ."

ಮಾವ ತೀರಿಕೊಂಡ ಮೇಲೆ ಮಾಳಿಗೆ ಇಳಿಸಿ ಸ್ಲ್ಯಾಬು ಹಾಕಿಸಿದೆವು. ಮೊದಲ ಮಳೆಯ ದಿನ ಅವ್ವ ಪಡಸಾಲೆಯ ನಡುವೆ ಕುಳಿತು ಬೆಳಕಿಂಡಿ ಇದ್ದ ಕಡೆಗೆ ತಲೆ ಎತ್ತಿ ನೋಡಿದಳು. ಒಂದು ಹನಿಯೂ ಸೋರಲಿಲ್ಲ. ಮಳೆ ನಿಲ್ಲುವತನಕ ಅತ್ತಳು.